ಎಷ್ಟು ನಡೆದರೂ ತೂಕ ಇಳೀವಲ್ದಾ?

ಮೊದಲ ಎರಡು-ಮೂರು ತಿಂಗಳು ಎಷ್ಟು ಹುರುಪಿತ್ತು, ಅಲ್ವೇ? ಬೆಳಗ್ಗೆ ಐದೂವರೆಗೇ ಎದ್ದು ಭೀಷ್ಮ ಕೆರೆ ಕಡೆ ವಾಕಿಂಗ್. ಬಂದ ಮೇಲೆ ಸಕ್ಕರೆ ಇಲ್ಲದ ಚಾ. ಮಧ್ಯಾಹ್ನ ಮೂರು ರೊಟ್ಟಿ ಇದ್ದದ್ದು ಎರಡಾಯಿತು, ರಾತ್ರಿ ಅನ್ನಕ್ಕೆ ರಜೆ ಸಿಕ್ಕಿತು. 72 ಕೆ.ಜಿ. ಇದ್ದದ್ದು 70 ಆಯಿತು, 68 ಆಯಿತು, 66ಕ್ಕೂ ಬಂತು. ಜಂಪರು ಸಡಿಲಾಗಿ ಟೇಲರ್ ಹತ್ತಿರ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದಿರಿ. ಓಣಿಯವರು "ಏನ್ರೀ ವೈನೀ, ಭಾಳ ಇಳದೀರಲ್ರೀ!" ಅಂದಾಗ ಒಳಗೊಳಗೇ ಖುಷಿ.

ಆಮೇಲೆ ಏನಾಯಿತೋ, ಮುಳ್ಳು 66ರಲ್ಲೇ ಕೂತುಬಿಟ್ಟಿತು. ಒಂದು ವಾರ ಆಯಿತು, ಮೂರು ವಾರ ಆಯಿತು, ತಿಂಗಳೂ ದಾಟಿತು. ಅದೇ ವಾಕಿಂಗ್, ಅದೇ ಎರಡು ರೊಟ್ಟಿ. ತೂಕ ಮಾತ್ರ ಜಗ್ಗುತ್ತಿಲ್ಲ!

ಇಲ್ಲಿಗೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳು ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತಾರೆ. "ನನ್ನ ದೇಹಾನೇ ಹಿಂಗ, ಏನ್ ಮಾಡಿದ್ರೂ ಅಷ್ಟ" ಅಂತ ವಾಕಿಂಗ್ ಬೂಟನ್ನು ಮೂಲೆಗಿಡುವವರು ಕೆಲವರು. ಇರುವ ಎರಡು ರೊಟ್ಟಿಯಲ್ಲೂ ಒಂದನ್ನು ಕಡಿಮೆ ಮಾಡಿ ತಲೆ ಸುತ್ತಿಸಿಕೊಳ್ಳುವವರು ಇನ್ನು ಕೆಲವರು. ಉಳಿದವರು ಯಾರೋ ಹೇಳಿದ ಪೌಡರು, ಸ್ಲಿಮ್ಮಿಂಗ್ ಟೀ ತರಿಸಿಕೊಳ್ಳುತ್ತಾರೆ. ದಯವಿಟ್ಟು ಮೂರೂ ಬೇಡ. ಈ ನಿಲುಗಡೆ ತೂಕ ಇಳಿಸಲು ಹೊರಟ ಹೆಚ್ಚುಕಡಿಮೆ ಎಲ್ಲರಿಗೂ ಬರುವಂಥದ್ದು. ಡಾಕ್ಟರುಗಳು ಇದಕ್ಕೆ 'ಪ್ಲಾಟೋ' ಅನ್ನುತ್ತಾರೆ, ಅಂದರೆ ಪ್ರಸ್ಥಭೂಮಿ. ಶಾಲೆಯಲ್ಲಿ ದಖನ್ ಪ್ರಸ್ಥಭೂಮಿ ಅಂತ ಓದಿದ್ದು ನೆನಪಿದೆಯಲ್ಲ? ನಾವು ಗದಗಿನವರು ಮನೆ ಕಟ್ಟಿಕೊಂಡು ಕೂತಿರುವುದೇ ಅದರ ಮೇಲೆ!

ನಿಜವಾಗಿ ನಿಂತಿದೆಯಾ?

ಮೊದಲು ಇದನ್ನು ಖಾತ್ರಿ ಮಾಡಿಕೊಳ್ಳಿ. ಎಂಟು ದಿನ ಮುಳ್ಳು ಅಲ್ಲಾಡಲಿಲ್ಲ ಅಂದಮಾತ್ರಕ್ಕೆ ಅದು ಪ್ಲಾಟೋ ಅಲ್ಲ. ನಮ್ಮ ಮೈಯಲ್ಲಿ ನೀರಿನ ಏರಿಳಿತವೇ ದಿನಕ್ಕೆ ಒಂದು ಕೆ.ಜಿ. ಆಚೀಚೆ ಮಾಡಿಬಿಡುತ್ತದೆ. ಮುಟ್ಟಿನ ಹಿಂದಿನ ವಾರ ಹಲವರಿಗೆ ಒಂದರಿಂದ ಎರಡು ಕೆ.ಜಿ.ವರೆಗೂ ನೀರು ಸೇರಿಕೊಳ್ಳುತ್ತದೆ. ಹಿಂದಿನ ದಿನ ಮದುವೆ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಅಂತ ಉಪ್ಪು ಹೆಚ್ಚು ತಿಂದಿದ್ದರೂ ಅಷ್ಟೇ. ಮೊದಲ ಹದಿನೈದು ದಿನ ತೂಕ ಸರಸರ ಇಳಿದಿತ್ತಲ್ಲ, ಅದರಲ್ಲೂ ನೀರಿನ ಪಾಲು ದೊಡ್ಡದು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಊಟ ಕಡಿಮೆಯಾದಾಗ ಮೊದಲು ಖಾಲಿಯಾಗುವುದೇ ಅದು. ಹಾಗಾಗಿ ಆ ವೇಗ ಕೊನೆತನಕ ಇರುತ್ತದೆ ಅಂದುಕೊಂಡರೆ ನಿರಾಸೆ ಖಂಡಿತ.

ತೂಕವನ್ನು ವಾರಕ್ಕೊಮ್ಮೆ, ಒಂದೇ ಯಂತ್ರದ ಮೇಲೆ, ಬೆಳಗ್ಗೆ ಶೌಚ ಮುಗಿಸಿ ಏನೂ ತಿನ್ನುವ ಮೊದಲು ನೋಡಿ. ಮನೆಯ ಯಂತ್ರದಲ್ಲಿ ಒಂದು ದಿನ, ಮೆಡಿಕಲ್ ಅಂಗಡಿಯದರಲ್ಲಿ ಇನ್ನೊಂದು ದಿನ ನೋಡಿದರೆ ಲೆಕ್ಕ ಕೂಡುವುದಿಲ್ಲ. ಜೊತೆಗೆ ಹೊಲಿಗೆ ಡಬ್ಬಿಯಲ್ಲಿರುವ ಟೇಪು ತಗೊಂಡು ಸೊಂಟದ ಸುತ್ತಳತೆ ಹಿಡಿಯಿರಿ. ಎಲ್ಲಿ ಅಂತೀರಾ? ಪಕ್ಕೆಲುಬು ಮುಗಿಯುವ ಜಾಗಕ್ಕೂ ಸೊಂಟದ ಎಲುಬಿಗೂ ನಡುವೆ, ಉಸಿರು ಬಿಟ್ಟ ಮೇಲೆ. ನಮ್ಮ ದೇಶದ ಹೆಂಗಸರಿಗೆ ಇದು 80 ಸೆಂ.ಮೀ. ಒಳಗಿರಬೇಕು ಅಂತ ತಜ್ಞರು ಹೇಳುತ್ತಾರೆ. ತೂಕ ನಿಂತಿದ್ದು ಟೇಪು ಇಳಿಯುತ್ತಿದ್ದರೆ ನೀವು ನಿಂತಿಲ್ಲ, ಒಳಗೆ ಕೆಲಸ ನಡೆದಿದೆ. ನಾಲ್ಕು ವಾರ ತೂಕವೂ ಇಳಿಯದೆ, ಟೇಪೂ ಇಳಿಯದೆ ಇದ್ದರೆ ಮಾತ್ರ ಮುಂದೆ ಓದಿ.

ದೇಹದ ಲೆಕ್ಕವೇ ಬೇರೆ

ಮನೆಯ ಖರ್ಚಿನ ಲೆಕ್ಕ ಬರೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಸಂಬಳ ಕಡಿಮೆಯಾದರೆ ನೀವೇನು ಮಾಡ್ತೀರಿ? ಖರ್ಚು ಕಡಿಮೆ ಮಾಡ್ತೀರಿ. ದೇಹವೂ ಅದನ್ನೇ ಮಾಡುತ್ತದೆ. 72 ಕೆ.ಜಿ. ಇದ್ದಾಗ ಕೆರೆ ದಂಡೆಯ ಮೇಲೆ ಹೊತ್ತು ನಡೆಯುತ್ತಿದ್ದದ್ದು 72 ಕೆ.ಜಿ.ಯನ್ನು. ಈಗ ಹೊರುವುದು 66. ಅಷ್ಟೇ ದೂರ, ಅಷ್ಟೇ ಹೊತ್ತು ನಡೆದರೂ ನೂರಕ್ಕೆ ಎಂಟರಷ್ಟು ಶಕ್ತಿ ಕಡಿಮೆ ಖರ್ಚಾಗುತ್ತದೆ. ಸುಮ್ಮನೆ ಮಲಗಿದ್ದಾಗಲೂ ಚಿಕ್ಕ ದೇಹಕ್ಕೆ ಚಿಕ್ಕ ಖರ್ಚು. ಆರಂಭದಲ್ಲಿ ತೂಕ ಇಳಿಸಿದ ಅದೇ ಊಟ ಈಗ ತೂಕ ಕಾಯ್ದುಕೊಳ್ಳುವ ಊಟವಾಗಿರುತ್ತದೆ.

ಇದಿಷ್ಟೇ ಆಗಿದ್ದರೆ ಸುಲಭವಿತ್ತು. ಇನ್ನೊಂದು ಕಡೆಯಿಂದ ಹಸಿವು ಏರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಒಂದು ಚೆಂದದ ಲೆಕ್ಕ ಕೊಟ್ಟರು. ಮಧುಮೇಹದ ಒಂದು ಮಾತ್ರೆ ಮೂತ್ರದ ಮೂಲಕ ಸಕ್ಕರೆ ಹೊರಹಾಕುತ್ತದೆ, ತಿಂದವರಿಗೆ ಶಕ್ತಿ ಸೋರಿದ್ದು ಗೊತ್ತೇ ಆಗುವುದಿಲ್ಲ. ಅಂಥವರ ತೂಕವನ್ನು ವರ್ಷವಿಡೀ ನೋಡಿ ಅವರು ಕಂಡುಕೊಂಡದ್ದು ಇದು: ಒಂದು ಕೆ.ಜಿ. ಇಳಿದರೆ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲರಿ ಕಡಿಮೆಯಾಗುತ್ತದೆ. ಆದರೆ ಹಸಿವು ಅದೇ ಒಂದು ಕೆ.ಜಿ.ಗೆ ಸುಮಾರು 100 ಕ್ಯಾಲರಿಯಷ್ಟು ಹೆಚ್ಚುತ್ತದೆ! ನಿಮ್ಮ ಆರು ಕೆ.ಜಿ.ಗೆ ಲೆಕ್ಕ ಹಾಕಿ ನೋಡಿ. ಖರ್ಚಿನಲ್ಲಿ 150ರ ಆಸುಪಾಸು ಉಳಿತಾಯ, ಮೇಲಿಂದ ದಿನಾ 600 ಕ್ಯಾಲರಿಯಷ್ಟು "ಇನ್ನೊಂದೀಟು ತಿನ್ನು" ಅಂತ ಹೊಟ್ಟೆಯ ಒತ್ತಾಯ. ಇಷ್ಟು ಒತ್ತಾಯವನ್ನು ಬೆಳಗಿನಿಂದ ರಾತ್ರಿವರೆಗೆ ಅಡುಗೆಮನೆಯಲ್ಲೇ ಇದ್ದುಕೊಂಡು ತಡೆದು 66ರಲ್ಲಿ ನಿಲ್ಲಿಸಿದ್ದೀರಲ್ಲ, ಅದನ್ನು ಸೋಲು ಅಂತ ಯಾಕೆ ಕರೆಯುತ್ತೀರಿ?

ಹಾಗಾದರೆ ಊಟ ಇನ್ನಷ್ಟು ಕಟ್ ಮಾಡಿದರಾಯಿತಲ್ಲ ಅಂತೀರಾ? ಟಿ.ವಿ.ಯಲ್ಲಿ 'ದಿ ಬಿಗ್ಗೆಸ್ಟ್ ಲೂಸರ್' ಅನ್ನೋ ಅಮೆರಿಕದ ಕಾರ್ಯಕ್ರಮ ಬರುತ್ತಿತ್ತು. ಯಾರು ಹೆಚ್ಚು ತೂಕ ಇಳಿಸುತ್ತಾರೋ ಅವರಿಗೆ ಬಹುಮಾನ. ಅದರ 14 ಸ್ಪರ್ಧಿಗಳು 30 ವಾರದಲ್ಲಿ ಸರಾಸರಿ 58 ಕೆ.ಜಿ. ಇಳಿಸಿದ್ದರು. ಆರು ವರ್ಷದ ನಂತರ ಅವರನ್ನು ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಸರಾಸರಿ 41 ಕೆ.ಜಿ. ವಾಪಸ್ ಬಂದಿತ್ತು. ಅದಕ್ಕಿಂತ ಬೇಸರದ ಸಂಗತಿ ಅಂದರೆ, ಅವರ ದೇಹ ಆಗಲೂ ಅವರ ಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಖರ್ಚು ಮಾಡುತ್ತಿತ್ತು. ನಮ್ಮಲ್ಲಿ ಇನ್ನೊಂದು ತೊಂದರೆಯೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ, 24 ಮಂದಿಗೆ ಹೆಚ್ಚಿನ ತೂಕ. ಎರಡೂ ಒಬ್ಬರಲ್ಲೇ ಇರುವುದು ಅಪರೂಪವೇನಲ್ಲ. ರಕ್ತ ಕಡಿಮೆ ಇದ್ದವರು ಊಟವನ್ನೂ ಬಿಟ್ಟರೆ ಸುಸ್ತಾಗಿ ಮಧ್ಯಾಹ್ನ ಪೂರ್ತಿ ಮಲಗುತ್ತಾರೆ, ನಡೆಯುವುದು ನಿಲ್ಲುತ್ತದೆ, ತೂಕ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಅಡುಗೆಮನೆಯ ಸೋರಿಕೆಗಳು

ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾವು ತಿಂದದ್ದು ನಮಗೇ ಪೂರ್ತಿ ನೆನಪಿರುವುದಿಲ್ಲ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು "ನಾವು ದಿನಕ್ಕೆ 1200 ಕ್ಯಾಲರಿಯೊಳಗೇ ತಿಂತೀವಿ, ಆದರೂ ತೂಕ ಇಳಿಯಲ್ಲ" ಅನ್ನುತ್ತಿದ್ದ ಹತ್ತು ಜನರನ್ನು ಪರೀಕ್ಷೆ ಮಾಡಿದರು. ಅವರ ದೇಹದ ಖರ್ಚು ಸರಿಯಾಗೇ ಇತ್ತು. ಆದರೆ ತಿಂದದ್ದರಲ್ಲಿ ಸರಾಸರಿ 47 ಪ್ರತಿಶತ ಲೆಕ್ಕದಿಂದ ಬಿಟ್ಟುಹೋಗಿತ್ತು, ಮಾಡಿದ ವ್ಯಾಯಾಮ 51 ಪ್ರತಿಶತ ಹೆಚ್ಚಾಗಿ ಲೆಕ್ಕಕ್ಕೆ ಸೇರಿತ್ತು! ಅವರೇನು ಸುಳ್ಳು ಹೇಳುವವರಲ್ಲ. ನಮ್ಮ ಹಾಗೇ, ತಟ್ಟೆಗೆ ಬಡಿಸಿಕೊಂಡದ್ದನ್ನಷ್ಟೇ ಊಟ ಅಂದುಕೊಂಡವರು.

ಗೃಹಿಣಿಯ ಊಟ ತಟ್ಟೆಯಲ್ಲಿ ಮುಗಿಯುವುದೇ ಇಲ್ಲವಲ್ಲ! ಮಗ ಬಿಟ್ಟ ಅರ್ಧ ಚಪಾತಿ, "ಚೆಲ್ಲೋದ್ಯಾಕ" ಅಂತ ಬಾಣಲೆ ಒರೆಸಿ ತಿಂದ ಪಲ್ಲೆ, ರುಚಿ ನೋಡಿದ ಎರಡು ಚಮಚ ಸಾರು, ಹಾಲು ಕಾಸಿದ ಪಾತ್ರೆಯ ಕೆನೆ. ಮಧ್ಯಾಹ್ನ ಬೀಗರು ಬಂದರೆ ಅವರಿಗೊಂದು ಚಾ, ಅವರ ಸಲುವಾಗಿ ನಮಗೂ ಒಂದು ಅರ್ಧ ಕಪ್. ಎರಡು ಚಮಚ ಸಕ್ಕರೆಯ ನಾಲ್ಕು ಚಾ ಅಂದರೆ ಸಕ್ಕರೆಯಿಂದಲೇ 160 ಕ್ಯಾಲರಿ, ಹಾಲಿನದ್ದು ಬೇರೆ. ಸಂಜೆ ಮನೆಯವರು ಕಟ್ಟಿಸಿಕೊಂಡು ಬಂದ ಗಿರ್ಮಿಟ್ಟು-ಮಿರ್ಚಿ ಭಜಿಯಲ್ಲಿ "ಒಂದೇ ಒಂದು".

ಎಣ್ಣೆಯ ಲೆಕ್ಕ ಇನ್ನೂ ಮಜವಾದದ್ದು. ಒಬ್ಬೊಬ್ಬರ ತಟ್ಟೆಯ ಎಣ್ಣೆ ಅಳೆಯಲು ಯಾರಿಂದಲೂ ಆಗುವುದಿಲ್ಲ. ಕಿರಾಣಿ ಚೀಟಿ ನೋಡಿ ಸಾಕು. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಬರುತ್ತಿದ್ದರೆ ತಲೆಗೆ ದಿನಕ್ಕೆ ಸುಮಾರು 340 ಕ್ಯಾಲರಿ ಬರೀ ಎಣ್ಣೆಯಿಂದ. ಅದನ್ನು ಮೂರು ಲೀಟರಿಗೆ ತಂದರೆ 205 ಆಗುತ್ತದೆ. ಯಾರ ರೊಟ್ಟಿಯನ್ನೂ ಕಿತ್ತುಕೊಳ್ಳದೆ ದಿನಕ್ಕೆ 135 ಕ್ಯಾಲರಿ ಕಡಿಮೆ! ದೇಹ ಖರ್ಚಿನಲ್ಲಿ ಉಳಿಸಿಕೊಂಡ ಆ 150ಕ್ಕೆ ಇದು ಹತ್ತಿರ ಹತ್ತಿರ ಸಮ. ಬದನೆಕಾಯಿ ಎಣ್ಣೆಗಾಯಿಯ ಮೇಲೆ ಎಣ್ಣೆ ತೇಲದಿದ್ದರೆ ಅತ್ತೆಯವರಿಗೆ ಸಮಾಧಾನವಾಗಲಿಕ್ಕಿಲ್ಲ, ನಿಜ. ಏಕದಂ ಬೇಡ, ತಿಂಗಳಿಗೆ ಅರ್ಧ ಲೀಟರ್ ಕಡಿಮೆ ಮಾಡುತ್ತ ಬನ್ನಿ, ನಾಲಿಗೆಗೂ ಗೊತ್ತಾಗುವುದಿಲ್ಲ.

ಇನ್ನು ನಮ್ಮ ಕಡೆಯ ಹಿಂಡಿಗಳು. ಶೇಂಗಾ, ಗುರೆಳ್ಳು, ಅಗಸಿ ಎಲ್ಲವೂ ಒಳ್ಳೆಯವೇ, ಆದರೆ ಎಲ್ಲವೂ ಎಣ್ಣೆಕಾಳುಗಳು. ನೂರು ಗ್ರಾಂ ಶೇಂಗಾದಲ್ಲಿ 500ಕ್ಕೂ ಹೆಚ್ಚು ಕ್ಯಾಲರಿ ಇದೆ. ರೊಟ್ಟಿ ಜೊತೆ ಎರಡು ದೊಡ್ಡ ಚಮಚ ಶೇಂಗಾ ಹಿಂಡಿ ಹಾಕಿಕೊಂಡರೆ ಮೂರನೇ ರೊಟ್ಟಿ ಬಿಟ್ಟದ್ದು ಅಲ್ಲಿಗೇ ಸಮ. ಸೋಮವಾರದ ಉಪವಾಸಕ್ಕೆ ಸಾಬೂದಾಣಿ ಖಿಚಡಿ ಮಾಡುತ್ತೀರಲ್ಲ, ಅದರಲ್ಲಿ ಸಾಬೂದಾಣಿ ಇದೆ, ಶೇಂಗಾ ಪುಡಿ ಇದೆ, ತುಪ್ಪ ಇದೆ. ದೇವರಿಗೆ ಅದು ಉಪವಾಸ ಇರಬಹುದು, ದೇಹಕ್ಕಂತೂ ಅಲ್ಲ! ಪಂಚಮಿಯ ಉಂಡಿ ಡಬ್ಬಿ ಖಾಲಿಯಾಗುವವರೆಗೆ ತೂಕ ನಿಲ್ಲುವುದಕ್ಕೆ ಕಾರಣ ಹುಡುಕುವುದೇ ಬೇಡ. ಉಂಡಿ ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ. ಗದಗಿನಲ್ಲಿದ್ದು ಪಂಚಮಿಗೆ ಉಂಡಿ ತಿನ್ನದೆ ಇರುವುದು ಯಾವ ಡಯಟ್ಟು? ಚಿಕ್ಕದಾಗಿ ಕಟ್ಟಿ, ಹಂಚಿ, ದಿನಕ್ಕೊಂದು ಅಂತ ಲೆಕ್ಕವಿಡಿ.

ಖಡಕ್ ರೊಟ್ಟಿಯ ವಿಷಯದಲ್ಲೂ ಒಂದು ಮೋಸವಿದೆ. "ತೆಳ್ಳಗದಾವಲ್ರೀ" ಅಂತ ಟಿ.ವಿ. ನೋಡುತ್ತಾ ಕುಟುಕುಟು ನಾಲ್ಕು ಮುರಿದು ತಿನ್ನುತ್ತೇವೆ. ಒಣಗಿದಾಗ ಹೋಗಿದ್ದು ನೀರು, ಹಿಟ್ಟು ಅಷ್ಟೇ ಇರುತ್ತದೆ. 50 ಗ್ರಾಂ ಜೋಳದ ಹಿಟ್ಟು ಅಂದರೆ, ಮೆತ್ತಗಿದ್ದರೂ ಖಡಕ್ ಆದರೂ, 165 ಕ್ಯಾಲರಿಯ ಆಸುಪಾಸು. ಸಿರಿಧಾನ್ಯ ತಿಂದರೆ ತೂಕ ತಾನಾಗೇ ಇಳಿಯುತ್ತದೆ ಅನ್ನುವವರಿಗೂ ಇದೇ ಉತ್ತರ. ಜೋಳ, ನವಣೆಯಲ್ಲಿ ನಾರು ಹೆಚ್ಚು, ಹೊಟ್ಟೆ ತುಂಬಿದ್ದು ತಡೆದು ನಿಲ್ಲುತ್ತದೆ, ಅದು ದೊಡ್ಡ ಲಾಭ. ಕ್ಯಾಲರಿಯಲ್ಲಿ ಅಕ್ಕಿಗೂ ಅವಕ್ಕೂ ಭಾರೀ ವ್ಯತ್ಯಾಸವಿಲ್ಲ. ಜೀರಿಗೆ ನೀರು, ಜೇನು-ನಿಂಬೆ ನೀರು ಕೊಬ್ಬು ಕರಗಿಸುತ್ತವೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲಿ 60 ಕ್ಯಾಲರಿ ಇರುವುದು ಮಾತ್ರ ಖರೆ.

ಏನು ಮಾಡಬೇಕು ಅಂದರೆ, ಏಳು ದಿನ ಮಾತ್ರ, ಗೋಡೆ ಕ್ಯಾಲೆಂಡರಿನ ಪಕ್ಕ ಒಂದು ನೋಟ್‌ಬುಕ್ ತೂಗು ಹಾಕಿ. ಬಾಯಿಗೆ ಹಾಕಿದ್ದೆಲ್ಲ ಬರೆಯಿರಿ, ಆಗಿಂದಾಗಲೇ. ಮಗನ ಅರ್ಧ ಚಪಾತಿಯನ್ನೂ! ಬಹಳ ಜನರಿಗೆ ಮೂರನೇ ದಿನಕ್ಕೇ ಸೋರಿಕೆ ಎಲ್ಲಿದೆ ಅಂತ ಕಾಣುತ್ತದೆ. ಕಂಡ ಮೇಲೆ ಎಲ್ಲವನ್ನೂ ಒಟ್ಟಿಗೆ ಮುಚ್ಚಲು ಹೋಗಬೇಡಿ. ಒಂದು ಮುಚ್ಚಿ, ಮೂರು ವಾರ ನೋಡಿ. ಆಮೇಲೆ ಇನ್ನೊಂದು.

ರೊಟ್ಟಿಗಿಂತ ಕಾಳು ಮುಖ್ಯ

ಊಟ ಕಡಿಮೆ ಮಾಡುವಾಗ ನಮ್ಮವರು ಮೊದಲು ಬಿಡುವುದು ಕಾಳು-ಮೊಸರನ್ನು, ಉಳಿಸಿಕೊಳ್ಳುವುದು ರೊಟ್ಟಿ-ಹಿಂಡಿಯನ್ನು. ಇದು ಉಲ್ಟಾ ಆಗಬೇಕು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸ್ನಾಯು ಹೋದಷ್ಟೂ ದೇಹದ ಖರ್ಚು ಇಳಿಯುತ್ತದೆ. ಅದನ್ನು ಉಳಿಸಿಕೊಳ್ಳಲು ಪ್ರೋಟೀನ್ ಬೇಕು. ಐ.ಸಿ.ಎಂ.ಆರ್. ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ತೂಕ ಇಳಿಸುವವರಿಗೆ ಇನ್ನೂ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು. 150 ಗ್ರಾಂ ಹಿಟ್ಟಿನ ಮೂರು ರೊಟ್ಟಿಯಿಂದ ಬರುವುದು 15 ಗ್ರಾಂ ಮಾತ್ರ. ಒಂದು ಹಿಡಿ ಹೆಸರುಕಾಳೋ ಮಡಕಿಕಾಳೋ (50 ಗ್ರಾಂ) ಮೊಳಕೆ ಬರಿಸಿ ಪಲ್ಲೆ ಮಾಡಿದರೆ 10-11 ಗ್ರಾಂ ಸೇರುತ್ತದೆ. ದೊಡ್ಡ ವಾಟಿ ಮೊಸರು, ಒಂದು ಹಿಡಿ ಪುಟಾಣಿ, ತಿನ್ನುವವರಾದರೆ ಎರಡು ಮೊಟ್ಟೆ. ತಟ್ಟೆಯ ಉಳಿದರ್ಧಕ್ಕೆ ಮೆಂತ್ಯೆ, ಪುಂಡಿ, ಹಕ್ಕರಕಿ, ಸವತಿಕಾಯಿ, ಗಜ್ಜರಿ. ರೊಟ್ಟಿ ಜೊತೆ ಹಸಿ ಹಕ್ಕರಕಿ, ಉಳ್ಳಾಗಡ್ಡಿ ಕಡಿದು ತಿನ್ನುವ ನಮ್ಮ ಪದ್ಧತಿಗಿಂತ ಒಳ್ಳೆಯ ಸಲಾಡ್ ಯಾವ ಹೋಟೆಲಿನಲ್ಲಿ ಸಿಗುತ್ತದೆ ಹೇಳಿ? (ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು.)

ಬರೀ ವಾಕಿಂಗ್ ಸಾಲದು

ಆರು ತಿಂಗಳಿಂದ ಅದೇ ದಾರಿಯಲ್ಲಿ, ಅದೇ ಗೆಳತಿಯ ಜೊತೆ, ಅದೇ ಸೊಸೆ-ಅತ್ತೆ ಕಥೆ ಹೇಳಿಕೊಳ್ಳುತ್ತಾ ನಡೆಯುತ್ತಿದ್ದೀರಾ? ಮಾತು ಸರಾಗವಾಗಿ ಹೊರಡುತ್ತಿದೆ ಅಂದರೆ ನಡಿಗೆ ದೇಹಕ್ಕೆ ರೂಢಿಯಾಗಿಹೋಗಿದೆ ಅಂತ ಅರ್ಥ. ನಡುನಡುವೆ ಎರಡೆರಡು ನಿಮಿಷ, ಕಥೆ ನಿಲ್ಲಿಸಬೇಕಾಗುವಷ್ಟು ಬಿರುಸಾಗಿ ನಡೆಯಿರಿ. ವಾರಕ್ಕೆರಡು ದಿನ ಏರು ಹತ್ತಿ. ಮುಂಡರಗಿಯವರಿಗೆ ಊರಲ್ಲೇ ಕನಕಪ್ಪನ ಗುಡ್ಡವಿದೆ. ಗದಗ, ಶಿರಹಟ್ಟಿ, ಮುಂಡರಗಿ ಮೂರೂ ತಾಲ್ಲೂಕಿಗೆ ಚಾಚಿಕೊಂಡ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿಗೆ ದಿನಾ ಹೋಗಲಾಗದು, ಮಕ್ಕಳ ರಜೆಗೊಂದು ದಿನ ಹೋಗಬಹುದು. ಏನೂ ಇಲ್ಲದಿದ್ದರೆ ಮನೆಯ ಮಾಳಿಗೆ ಮೆಟ್ಟಿಲಿಗೇನು ಕಮ್ಮಿ? ಸಣ್ಣ ಊರುಗಳಲ್ಲಿ ಸೀರೆ ಮೇಲೆ ಬೂಟು ಹಾಕಿಕೊಂಡು ಹೊರಟರೆ ನಿಂತು ನೋಡುವವರಿದ್ದಾರೆ, ಗೊತ್ತು. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಂಥ ವಿಶಾಲ ಆವರಣದಲ್ಲಿ ಬಿರುಸಾಗಿ ಹತ್ತು ಪ್ರದಕ್ಷಿಣೆ ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ!

ಆದರೆ ಮುಳ್ಳು ನಿಂತವರು ಹೆಚ್ಚಾಗಿ ಬಿಟ್ಟಿರುವುದು ಬೇರೊಂದನ್ನು, ತಾಕತ್ತಿನ ವ್ಯಾಯಾಮವನ್ನು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ವ್ಯಾಯಾಮ, ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ. ಎರಡನೆಯದನ್ನು ನಾವು ಕೇಳಿಸಿಕೊಳ್ಳುವುದೇ ಇಲ್ಲ. ನಮ್ಮಜ್ಜಿಯರಿಗೆ ಬೀಸುವ ಕಲ್ಲು, ಒಳಕಲ್ಲು, ಬಾವಿಯ ಹಗ್ಗ ಇದ್ದವು. ನಮಗೆ ಗಿರಣಿ, ಮಿಕ್ಸರು, ನಳ. ಕಲ್ಲು ವಾಪಸ್ ತನ್ನಿ ಅಂತ ಹೇಳುವುದಿಲ್ಲ, ಅದರಿಂದ ಅವರ ಬೆನ್ನು ಏನಾಗಿತ್ತು ಅಂತಲೂ ನೋಡಿದ್ದೇವೆ. ಗಟ್ಟಿ ಕುರ್ಚಿಯ ಮೇಲೆ ಕೂತು ಕೈ ಊರದೆ ಏಳುವುದು, ಕೂರುವುದು, ಹತ್ತು ಸಲ. ಗೋಡೆಗೆ ಅಂಗೈ ಊರಿ ಮೈಯನ್ನು ಹತ್ತಿರ ತಂದು ದೂಡುವುದು, ಹತ್ತು ಸಲ. ಎರಡು ಲೀಟರಿನ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು ಮೊಣಕೈ ಮಡಚಿ ಎತ್ತುವುದು, ಹತ್ತು ಸಲ. ಇವನ್ನೇ ಮೂರು ಸುತ್ತು, ವಾರಕ್ಕೆ ಮೂರು ದಿನ. ಕುಕ್ಕರ್ ನಾಲ್ಕು ಸೀಟಿ ಹೊಡೆಯುವುದರೊಳಗೆ ಒಂದು ಸುತ್ತು ಮುಗಿಯುತ್ತದೆ. ಸುಲಭ ಅನ್ನಿಸಿದಾಗ ಹತ್ತನ್ನು ಹನ್ನೆರಡು ಮಾಡಿ. ಮೊಣಕಾಲು ನೋವಿರುವವರು ಎತ್ತರದ ಕುರ್ಚಿ ಹಿಡಿಯಿರಿ. ಬಿ.ಪಿ. ಹೆಚ್ಚಿರುವವರು ಉಸಿರು ಬಿಗಿಹಿಡಿಯಬೇಡಿ.

ಇನ್ನೊಂದು ಕಳ್ಳದಾರಿಯಿದೆ. ಬೆಳಗ್ಗೆ ಒಂದು ತಾಸು ನಡೆದೆನಲ್ಲ ಅಂತ ಉಳಿದ ದಿನವೆಲ್ಲ ಕೂತುಬಿಡುವುದು. ಡಯಟ್ ಮಾಡುವಾಗ ದೇಹ ತಾನಾಗಿಯೇ ಓಡಾಟ ಕಡಿಮೆ ಮಾಡಿಸುತ್ತದೆ, ನಮಗೆ ಗೊತ್ತಾಗುವುದೂ ಇಲ್ಲ. "ಆ ನೀರಿನ ಚರಿಗಿ ಇಲ್ಲೇ ತಂದ್ ಕೊಡೋ ತಮ್ಮಾ" ಅನ್ನುವುದು ಹೆಚ್ಚಾಗಿದೆಯಾ, ನೋಡಿಕೊಳ್ಳಿ. ಸೀರಿಯಲ್ಲಿನ ಜಾಹೀರಾತಿಗೊಮ್ಮೆ ಎದ್ದು ಓಡಾಡಿದರೂ ಲೆಕ್ಕಕ್ಕಿದೆ.

ನಿದ್ದೆಯನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. 2010ರಲ್ಲಿ ಶಿಕಾಗೊದಲ್ಲಿ ಹತ್ತು ಜನರಿಗೆ ಒಂದೇ ಥರದ ಡಯಟ್ ಕೊಟ್ಟು, ಎರಡು ವಾರ ಎಂಟೂವರೆ ತಾಸು, ಮತ್ತೆರಡು ವಾರ ಐದೂವರೆ ತಾಸು ಹಾಸಿಗೆಯಲ್ಲಿರಿಸಿ ನೋಡಿದರು. ಎರಡೂ ಸಲ ಇಳಿದ ತೂಕ ಹೆಚ್ಚುಕಡಿಮೆ ಒಂದೇ. ಆದರೆ ನಿದ್ದೆಗೆಟ್ಟಾಗ ಕರಗಿದ ಕೊಬ್ಬು ಅರ್ಧಕ್ಕಿಂತ ಕಡಿಮೆ, ಸ್ನಾಯುವೇ ಹೆಚ್ಚು ಕರಗಿತ್ತು, ಹಸಿವೂ ಹೆಚ್ಚಿತ್ತು. ನಳ ಬರುವ ದಿನ ನಡುರಾತ್ರಿ ಎದ್ದು ಟಾಕಿ ತುಂಬಿಸುವವರು ಆ ದಿನ ಐದೂವರೆಯ ವಾಕಿಂಗ್ ಬಿಟ್ಟು ಮಲಗಿ. ತಪ್ಪೇನಿಲ್ಲ. ಪ್ರತಿ ಸಲ ನೀವೇ ಯಾಕೆ ಏಳಬೇಕು, ಒಮ್ಮೆ ಮನೆಯವರನ್ನೂ ಎಬ್ಬಿಸಿ ಅಂತ ಮಾತ್ರ ಹೇಳಬಲ್ಲೆ.

66ರಲ್ಲೇ ನಿಂತರೆ ಏನಾಯಿತು?

ಈಗ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ನಮ್ಮಲ್ಲಿ ಎಷ್ಟೋ ಜನ ತೂಕ ಇಳಿಸಲು ಹೊರಡುವುದು ಫೋಟೊದಲ್ಲಿ ಚೆಂದ ಕಾಣಲು ಅಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ ಇತ್ತು, ತನಗೂ ಬಂದೀತು ಅನ್ನುವ ಹೆದರಿಕೆಯಿಂದ. 2002ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3234 ಜನರ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಊಟ-ನಡಿಗೆ ಬದಲಿಸಿಕೊಂಡ ಗುಂಪಿನಲ್ಲಿ ಕಾಯಿಲೆ ಬರುವುದು 58 ಪ್ರತಿಶತ ಕಡಿಮೆಯಾಗಿತ್ತು. ಅವರಿಗೆ ಕೊಟ್ಟ ಗುರಿ ಎಷ್ಟು ಗೊತ್ತೇ? ತೂಕದ 7 ಪ್ರತಿಶತ. ಸರಾಸರಿ ಇಳಿದದ್ದು 5.6 ಕೆ.ಜಿ. ಮಾತ್ರ! 72ರಿಂದ 66ಕ್ಕೆ ಬಂದಿರುವ ನೀವು 8 ಪ್ರತಿಶತ ದಾಟಿದ್ದೀರಿ.

ನಮ್ಮ ದೇಶದ್ದೇ ಇನ್ನೊಂದು ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ಇಂಥದೇ 531 ಜನರನ್ನು ಮೂರು ವರ್ಷ ನೋಡಿ 2006ರಲ್ಲಿ ವರದಿ ಕೊಟ್ಟಿತು. ಊಟ ಸರಿಪಡಿಸಿಕೊಂಡು ದಿನಾ ನಡೆದವರಲ್ಲಿ ಮಧುಮೇಹ 28.5 ಪ್ರತಿಶತ ಕಡಿಮೆ ಬಂದಿತ್ತು. ಅವರ ತೂಕ ಹೇಳಿಕೊಳ್ಳುವಂತೆ ಇಳಿದೇ ಇರಲಿಲ್ಲ! ಮುಳ್ಳು ಅಲ್ಲಾಡದಿದ್ದರೂ ನಡಿಗೆ ತನ್ನ ಕೆಲಸ ತಾನು ಮಾಡಿತ್ತು. ಬೂಟು ಮೂಲೆಗೆ ಇಡುವ ಮುನ್ನ ಇದೊಂದು ನೆನಪಿರಲಿ.

ಹಾಗಾಗಿ ಎರಡು-ಮೂರು ತಿಂಗಳು 66ರಲ್ಲೇ ನಿಲ್ಲುವುದನ್ನೂ ಒಂದು ಗುರಿ ಅಂದುಕೊಳ್ಳಬಹುದು. ಮಕ್ಕಳ ಪರೀಕ್ಷೆ, ಮನೆಯಲ್ಲಿ ಬಾಣಂತನ, ಮದುವೆ ಸೀಸನ್ನು ಇರುವಾಗ ಇನ್ನೂ ಇಳಿಸುತ್ತೇನೆ ಅಂತ ಹೊರಡುವುದಕ್ಕಿಂತ ಏರದಂತೆ ನೋಡಿಕೊಳ್ಳುವುದೇ ಜಾಣತನ. ಐದಡಿ ಒಂದಿಂಚು ಎತ್ತರದವರಿಗೆ 66 ಕೆ.ಜಿ. ಈಗಲೂ ಹೆಚ್ಚೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮುಂದಿನ ಗುರಿ 64 ಇರಲಿ, 55 ಬೇಡ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು? ಊಟ, ನಡಿಗೆ ಎಲ್ಲ ಸರಿಯಿದ್ದೂ ತೂಕ ನಿಂತಿರುವುದರ ಜೊತೆ ಮೈ ಭಾರ, ಮಲಬದ್ಧತೆ, ಚಳಿ ತಡೆಯದಿರುವುದು, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಬೇಕು. ಮುಟ್ಟು ಎರಡು-ಮೂರು ತಿಂಗಳು ತಪ್ಪುತ್ತಿದ್ದರೆ, ಗದ್ದದ ಮೇಲೆ ಕೂದಲು ಹೆಚ್ಚುತ್ತಿದ್ದರೆ ಪಿ.ಸಿ.ಓ.ಎಸ್. ಇರಬಹುದು. ರಾತ್ರಿ ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ಅದನ್ನೂ ಹೇಳಿ. ನಾಚಿಕೊಳ್ಳುವಂಥದ್ದೇನಿಲ್ಲ. ಸ್ಟೆರಾಯ್ಡ್, ಇನ್ಸುಲಿನ್, ಮನೋರೋಗದ ಕೆಲವು ಮಾತ್ರೆ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಗರ್ಭನಿರೋಧಕ ಇಂಜೆಕ್ಷನ್ ಇವೂ ತೂಕ ಹಿಡಿದಿಡಬಹುದು. ಹಾಗಂತ ನೀವೇ ನಿಲ್ಲಿಸಬೇಡಿ. ಸರ್ಕಾರಿ ಆಸ್ಪತ್ರೆಗಳ ಎನ್.ಸಿ.ಡಿ. ಕ್ಲಿನಿಕ್‌ನಲ್ಲಿ 30 ದಾಟಿದವರಿಗೆ ಬಿ.ಪಿ., ಶುಗರ್ ತಪಾಸಣೆ ಉಚಿತ. ಹೋದಾಗ ಹಿಮೋಗ್ಲೋಬಿನ್ ಕೂಡ ನೋಡಿಸಿಕೊಳ್ಳಿ.

ಪೌಡರು, ಸ್ಲಿಮ್ಮಿಂಗ್ ಟೀ ಬಗ್ಗೆ ಎರಡೇ ಮಾತು. ಕೆಲವು ಟೀಗಳಲ್ಲಿರುವುದು ಸೋನಾಮುಖಿಯಂಥ ಭೇದಿ ಮಾಡಿಸುವ ಎಲೆ. ಇಳಿಯುವುದು ನೀರು, ಎರಡು ದಿನಕ್ಕೆ ವಾಪಸ್. ಇನ್ನು ವಾರಕ್ಕೊಂದು ಇಂಜೆಕ್ಷನ್, 2025ರಲ್ಲಿ ನಮ್ಮ ದೇಶದ ಪೇಟೆಗೂ ಬಂದದ್ದು. ಅದು ಬೇರೆ ವಿಷಯ, ಕೆಲಸ ಮಾಡುತ್ತದೆ. ಅಂಥ ಒಂದು ಔಷಧಿ, ಸೆಮಾಗ್ಲುಟೈಡ್, 2021ರ ಅಧ್ಯಯನದಲ್ಲಿ 68 ವಾರಕ್ಕೆ ಸರಾಸರಿ 15 ಪ್ರತಿಶತ ತೂಕ ಇಳಿಸಿತ್ತು. ಆದರೆ ಅದರಲ್ಲೂ ತೂಕ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ, ಬಿಟ್ಟ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ವಾಪಸ್ ಬಂದದ್ದೂ ದಾಖಲಾಗಿದೆ. ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದನ್ನು ಡಾಕ್ಟರೇ ಹೇಳಬೇಕು, ಗೆಳತಿಯಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಆ ಏಳು ದಿನದ ನೋಟ್‌ಬುಕ್ಕು, ಸೊಂಟದ ಅಳತೆ ಬರೆದಿಟ್ಟ ಚೀಟಿ, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳು, ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ.